ಚಂದ್ರಕಲಾ ಆಗದ ನಮ್ಮ ಅಕ್ಕ

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಪಾತ್ರೆಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಹಬ್ಬ ನಾಳೆಯೋ ನಾಡಿದ್ದೋ ಎಂದು ಮೂಗಿಗೇ ಮೊದಲು ತಿಳಿಸುವ ವಾಸನೆ ಅದು. ಮೊನ್ನೆ ಹಿತ್ತಲಿನಿಂದ ಆ ವಾಸನೆ ಬರುತ್ತಿದ್ದಾಗ ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ಹಳೆಯ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕುತ್ತಿದ್ದ ನನ್ನ ಸೊಸೆ ಒಂದು ತಂಬಿಗೆ ಹಿಡಿದುಕೊಂಡು ಒಳಗೆ ಬಂದಳು.

"ಅತ್ತಿ, ಇದರ ಮ್ಯಾಲೆ ಚಂದ್ರಕಲಾ ಅಂತ ಬರದೈತಲ್ರಿ. ಯಾರ್ರಿ ಈಕಿ?"

ಕೇಳಿದ ಧಾಟಿಯಲ್ಲಿ, ತೀರಿಹೋದ ಮಾವನ ಹಳೆಯ ಗುಟ್ಟೊಂದು ಕೈಗೆ ಸಿಕ್ಕಿತು ಎಂಬ ಖುಷಿ ಇತ್ತು. ಪಾಪ, ಅಷ್ಟು ಧೈರ್ಯ ನಮ್ಮ ಯಜಮಾನರಿಗೆ ಎಲ್ಲಿಂದ ಬರಬೇಕು! ಚಂದ್ರಕಲಾ ಅಂದರೆ ನನ್ನ ಅಕ್ಕ. ಅಂದರೆ ಅಕ್ಕ ಚಂದ್ರಕಲಾ ಆಗಬೇಕಾಗಿತ್ತು, ಆಗಲಿಲ್ಲ. ಅವಳ ಹೆಸರು ತಿಪ್ಪವ್ವ.

ನಗಬೇಡಿ. ತಿಪ್ಪೆಯಿಂದಲೇ ಬಂದ ಹೆಸರು ಅದು, ಮುಚ್ಚಿಡುವುದೇನಿದೆ? ಬಬಲೇಶ್ವರದ ನಮ್ಮ ಮನೆಯಲ್ಲಿ ಅಕ್ಕನಿಗಿಂತ ಮೊದಲು ಹುಟ್ಟಿದ ಎರಡು ಹೆಣ್ಣು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ ಅವ್ವ ಅದನ್ನು ಮೊರದಲ್ಲಿ ಮಲಗಿಸಿ, ಹಿತ್ತಲ ತಿಪ್ಪೆಯ ಮೇಲೆ ಇಡಿಸಿ, ಯಾರಿಗೂ ಬೇಡವಾದ ಕೂಸು ಇದು ಎಂದು ಎಲ್ಲರಿಗೂ ಕೇಳುವಂತೆ ಹೇಳಿಸಿ, ನೆರೆಮನೆಯವಳ ಕೈಯಿಂದ ಎತ್ತಿಸಿಕೊಂಡು ಬಂದಳಂತೆ. ಜವರಾಯ ಚೆಂದದ ಹೆಸರುಗಳ ಬೆನ್ನು ಹತ್ತುತ್ತಾನೆ, ತಿಪ್ಪವ್ವ ಎಂದರೆ ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾನೆ ಎಂಬ ನಂಬಿಕೆ. ಆಗೆಲ್ಲ ಓಣಿಗೊಬ್ಬ ತಿಪ್ಪಣ್ಣ, ಓಣಿಗೊಬ್ಬ ಕಲ್ಲಪ್ಪ ಇರುತ್ತಿದ್ದರು. ಜವರಾಯನ ಮೂಗು ನಿಜವಾಗಿಯೂ ಅಷ್ಟು ನಾಜೂಕಿನದೋ ಏನೋ, ಅಕ್ಕ ಬದುಕಿದಳು. ಬದುಕಿ, ಬುದ್ಧಿ ಬಂದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಆ ಹೆಸರಿನ ಮೇಲೆ ಸಿಟ್ಟಾದದ್ದು.

ನನ್ನ ಹೆಸರಿನ ಕಥೆ ಬೇರೆ. ನನಗೆ ಅಪ್ಪನ ತಾಯಿಯ ಹೆಸರಿಟ್ಟಿದ್ದರು. ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಆಡುವಂತಿಲ್ಲವಲ್ಲ, ಹಾಗಾಗಿ ಅವ್ವ ಜೀವಮಾನವಿಡೀ ನನ್ನನ್ನು "ಸಣ್ಣಾಕಿ" ಎಂದೇ ಕರೆದಳು. ಹೆಸರು ಹಿಡಿದು ಬೈಯುವುದಂತೂ ದೂರವೇ ಉಳಿಯಿತು. ಅವಳು ಅಪ್ಪನ ಹೆಸರನ್ನೂ ಹೇಳುತ್ತಿರಲಿಲ್ಲ, ಮೈದುನನ ಹೆಸರು ಬಾಳಪ್ಪ ಎಂದು ಬಾಳೆಹಣ್ಣಿಗೆ "ಸುಲಿದು ತಿನ್ನೂ ಹಣ್ಣು" ಎನ್ನುತ್ತಿದ್ದಳು. ಇದು ನಮಗೆ ಉಸಿರಾಡಿದಷ್ಟು ಸಹಜವಾಗಿತ್ತು. ಅದಕ್ಕೇ ಇರಬೇಕು, ಮುಂದೆ ನಡೆದದ್ದು ನಮ್ಮಲ್ಲಿ ಒಬ್ಬರಿಗೂ ಮೊದಲೇ ಹೊಳೆಯಲಿಲ್ಲ. ಒಬ್ಬರನ್ನು ಬಿಟ್ಟು.

ಅಕ್ಕನನ್ನು ನೋಡಲು ತಿಕೋಟಾದಿಂದ ಬೀಗರು ಬಂದರು. ವರನ ತಂದೆ ಚಂದ್ರಪ್ಪನವರು, ದೊಡ್ಡ ಮೀಸೆ, ದೊಡ್ಡ ನಗು. "ಹೆಸರೇನವ್ವಾ?" ಎಂದು ಕೇಳಿದರು. ಅಕ್ಕ ಮೊದಲಕ್ಷರ ನುಂಗಿ ಉಳಿದದ್ದನ್ನಷ್ಟೇ ಉಸುರಿದಳು. ಅವರು "ಪಾರವ್ವನಽ? ಚಲೋ ಹೆಸರ" ಎಂದುಬಿಟ್ಟರು. ಅಕ್ಕನ ಮುಖ ಅರಳಿತು. ಅಷ್ಟರಲ್ಲಿ ನಮ್ಮ ಅಪ್ಪ, ಸುಳ್ಳು ಹೇಳಿ ಹೆಣ್ಣು ಕೊಟ್ಟ ಎನ್ನಿಸಿಕೊಳ್ಳಬಾರದೆಂದು, "ತಿಪ್ಪವ್ವ ರೀ, ತಿಪ್ಪವ್ವ!" ಎಂದು ಹೊರಗೆ ಕಟ್ಟಿದ ಎತ್ತುಗಳಿಗೂ ಕೇಳುವಂತೆ ಹೇಳಿದರು.

ಚಂದ್ರಪ್ಪನವರು ನಕ್ಕು, "ಇರ್ಲಿ ಬಿಡ್ರಿ. ನಮ್ಮ ಮನ್ಯಾಗ ಸೊಸಿಗೆ ಹೊಸಾ ಹೆಸರ ಇಡೂ ಪದ್ಧತಿ ಐತಿ. ಹುಡಿಗಿಗೆ ಯಾವುದು ಮನಸಿಗೆ ಬರತೈತೋ ಅದನ್ನ ಇಡೂಣು" ಎಂದರು.

ಅಂದಿನಿಂದ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸುಲೋಚನಾ, ಕುಸುಮಾ, ಪ್ರಮೀಳಾ ಎಂದು ಪಟ್ಟಣದ ಹೆಸರುಗಳನ್ನೆಲ್ಲ ಸೀರೆ ಉಟ್ಟು ನೋಡಿದಂತೆ ಒಂದೊಂದಾಗಿ ತೊಟ್ಟು ನೋಡಿದಳು. ದೂರದಿಂದ ಕರೆದರೆ ಹೇಗೆ ಕೇಳುತ್ತದೆ ಎಂದು ಪರೀಕ್ಷಿಸಲು ನನ್ನನ್ನು ಹಿತ್ತಲ ತುದಿಗೆ ನಿಲ್ಲಿಸುತ್ತಿದ್ದಳು. ನಾನು ಗಂಟಲು ಹರಿಯುವಂತೆ "ಪ್ರಮೀಳಾ" ಎಂದು ಕೂಗಿದರೆ ಎಮ್ಮೆ ತಿರುಗಿ ನೋಡುತ್ತಿತ್ತು, ಅಕ್ಕ ಮರೆತು ಸುಮ್ಮನೆ ನಿಂತಿರುತ್ತಿದ್ದಳು.

ಅವ್ವ ಮಾತ್ರ ಸುತರಾಂ ಒಪ್ಪಲಿಲ್ಲ.

"ಆ ಹೆಸರ ಇಷ್ಟ ದಿನಾ ಆಕಿನ್ನ ಕಾದೈತಿ. ಅದನ್ನ ತಗದ್ರ ನನ್ನ ಜೀವಾ ತಗದಂಗ."

"ಏನ ಹುಚ್ಚಿ ಅದಿಯಲೇ. ಆಕಿ ಏನ್ ತೊಟ್ಟಲದಾಗಿನ ಕೂಸೇನು?" ಎಂದು ಅಪ್ಪ ರೇಗಿದರು.

"ಆ ಜವರಾಯ ಇನ್ನೂ ಹುಡುಕಾಕತ್ತಾನ್ರಿ. ನೀವಽ ಹಾದಿ ತೋರಸಬ್ಯಾಡ್ರಿ," ಎಂದು ಅವ್ವ ಕೈ ಮುಗಿದಳು.

ಅಪ್ಪ ರುಮಾಲು ಸುತ್ತಿಕೊಂಡು ಹೊಲಕ್ಕೆ ನಡೆದರು. ಅಕ್ಕ ಉಣ್ಣುವುದು ಬಿಟ್ಟಳು. ಅಕ್ಕ ಬಿಟ್ಟಳೆಂದು ಅವ್ವನೂ ಬಿಟ್ಟಳು. ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದವಳು ನಾನೊಬ್ಬಳೇ, ಅದಕ್ಕಾಗಿ ಇಬ್ಬರಿಂದಲೂ ಬೈಸಿಕೊಂಡೆ.

ಹೀಗಿರುವಾಗ ಒಂದು ಮುಂಜಾನೆ ಅವ್ವ ರೊಟ್ಟಿ ಬಡಿಯುತ್ತ ಕುಳಿತವಳು ತಲೆ ಎತ್ತದೆ ಹೇಳಿದಳು: "ಆಗ್ಲಿ, ಬದಲ ಮಾಡ್ಲಿ. ಆದ್ರ ಹೆಸರ ನಾ ಹೇಳಾಕಿ. ಚಂದ್ರಕಲಾ ಅಂತ ಇಡ್ಸಕೋ."

ಅಕ್ಕ ಓಡಿಬಂದು ಹಿಟ್ಟಿನ ಕೈಸಮೇತ ಅವ್ವನನ್ನು ತಬ್ಬಿಕೊಂಡಳು. ಪ್ರಮೀಳಾ ಆ ಕ್ಷಣಕ್ಕೇ ಹಳಬಳಾದಳು. ಅಪ್ಪನಿಗೂ ಎದೆಯ ಮೇಲಿನ ಭಾರ ಇಳಿಯಿತು. ಅದು ಯುದ್ಧದ ಕಾಲ, ಹಿತ್ತಾಳೆ ಕಣ್ಣಿಗೆ ಬೀಳುವುದೇ ಕಷ್ಟ. ಆದರೂ ಚಕ್ಕಡಿ ಕಟ್ಟಿಕೊಂಡು ವಿಜಾಪುರಕ್ಕೆ ಹೋಗಿ, ಸ್ಟೇಷನ್ ರಸ್ತೆಯ ಅಂಗಡಿಗಳನ್ನೆಲ್ಲ ತಿರುಗಿ ಒಂದು ತಂಬಿಗೆ ತಂದು, ಅದರ ಮೇಲೆ ಮಗಳ ಹೊಸ ಹೆಸರು ಕೊರೆಸಿದರು. ಬರುವ ದಾರಿಯಲ್ಲಿ ಸಿಕ್ಕ ಚಂದ್ರಪ್ಪನವರಿಗೂ ಹೆಸರು ತಿಳಿಸಿದರು. ಅವರು ಮೀಸೆ ತಿರುವಿ, "ಸೊಸಿಗೆ ನನ್ನ ಹೆಸರಽ ಅರ್ಧಾ ಕೊಟ್ಟಂಗಾತಲ್ರಿ!" ಎಂದು ಹಿಗ್ಗಿದರಂತೆ. ಹಿಗ್ಗಿನಲ್ಲಿ ಮನೆಯ ಹೆಂಗಸರಿಗೆ ಹೇಳುವುದನ್ನು ಮರೆತರು. ಗಂಡಸರಿಗೇನು, ಅವರು ಯಾರ ಹೆಸರನ್ನಾದರೂ ಕೂಗಬಹುದು.

ಮದುವೆಯಾಗಿ, ಅಕ್ಕನ ಜೊತೆಗೆಂದು ನನ್ನನ್ನೂ ತಿಕೋಟಾಕ್ಕೆ ಕಳಿಸಿದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇತ್ತು. ಒಳಗೆ ಅಕ್ಕನ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅತ್ತೆಯಾದವಳು ಹೊಸ ಹೆಸರು ಹಿಡಿದು ಕರೆದ ಮೇಲೆಯೇ ಸೊಸೆ ಸೇರನ್ನು ಒದ್ದು ಒಳಗೆ ಬರಬೇಕು. ಆಗಷ್ಟೇ ಅಪ್ಪನನ್ನು ಕೇಳಿಕೊಂಡು ಬಂದ ವರನ ತಂಗಿ ತಾಯಿಯ ಕಿವಿಯಲ್ಲಿ ಹೆಸರು ಹೇಳಿದಳು.

ಅತ್ತೆಯ ಬಾಯಿ ತೆರೆಯಿತು, ತೆರೆದೇ ಉಳಿಯಿತು.

"ಕರೀರಿ ಯಕ್ಕಾ, ಯಾಕ ನಿಂತ್ರಿ?" ಎಂದರು ಯಾರೋ.

ಅವರು ಸೆರಗು ಬಾಯಿಗೆ ಹಿಡಿದು, ಕೆಂಪಾಗಿ, "ಅದಽ ಬೇ... ಹುಣ್ಣಿವಿಗೆ ದುಂಡಗ ಬರತಾರಲ್ಲಾ ಮ್ಯಾಲೆ... ಅವರ ಕಲಾ" ಎಂದರು.

ಹೆಂಗಸರೆಲ್ಲ ಒಬ್ಬರ ಮೈಮೇಲೊಬ್ಬರು ಬಿದ್ದು ನಕ್ಕರು. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಚಂದ್ರಪ್ಪನವರಿಗೆ ನಕ್ಕೂ ನಕ್ಕೂ ಕೆಮ್ಮು ಹತ್ತಿತು. ದೊಡ್ಡ ಸೊಸೆಯನ್ನು ಮುಂದೆ ತಳ್ಳಿದರು, ಅವಳಿಗೂ ಮಾವನ ಹೆಸರೇ, ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಒಬ್ಬ ಮುದುಕಿ, "ಅಲ್ರೇ, ಈ ಹುಡಿಗಿಗೆ ಯಾರರೆ ನಿನ್ನ ಹೆಸರೇನವ್ವಾ ಅಂದ್ರ ಇಕೀನಽ ಹೆಂಗ ಹೇಳ್ಯಾಳು?" ಎಂದಳು. ಅಲ್ಲಿಗೆ ಎಲ್ಲರ ನಗುವೂ ನಿಂತಿತು. ಹೌದಲ್ಲ, ತನ್ನ ಹೆಸರನ್ನು ತಾನೇ ಹೇಳಲಾಗದ ಹೆಣ್ಣು!

ಅತ್ತೆ ತಟ್ಟೆಯನ್ನು ಸರಿಯಾಗಿ ಹಿಡಿದುಕೊಂಡು, "ನಿಮ್ಮವ್ವ ನಿನಗ ಏನಂತ ಕರೀತಾಳವ್ವಾ?" ಎಂದು ಕೇಳಿದರು.

ಅಕ್ಕ ಈ ಸಲ ಯಾವ ಅಕ್ಷರವನ್ನೂ ನುಂಗುವಂತಿರಲಿಲ್ಲ. "ತಿಪ್ಪವ್ವ ರೀ" ಎಂದಳು, ಕಣ್ಣಲ್ಲಿ ನೀರು.

"ಹಂಗಾರ ಬಾ ನಮ್ಮವ್ವಾ, ತಿಪ್ಪವ್ವಾ, ಒಳಗ ಬಾ."

ಅಕ್ಕ ಸೇರನ್ನು ಒದ್ದ ರಭಸಕ್ಕೆ ಅಕ್ಕಿ ದೇವರ ಕೋಣೆಯವರೆಗೆ ಹೋಯಿತು.

ತಂಬಿಗೆ ನನ್ನ ಜೊತೆಯಲ್ಲೇ ತವರಿಗೆ ಮರಳಿತು, ಮುಂದೆ ನನ್ನ ಮದುವೆಯಾದಾಗ ನನ್ನ ಜೊತೆಯಲ್ಲೇ ಈ ಮನೆಗೂ ಬಂತು. ಮಾವನ ಹೆಸರಿಗೆ ದಿನಾ ಬೂದಿ ಹಚ್ಚಿ ತಿಕ್ಕುವವರು ಯಾರು ಎಂದು ಅಲ್ಲಿನ ಸೊಸೆಯಂದಿರೆಲ್ಲ ಕೈ ಎತ್ತಿದ್ದರು. ಅಕ್ಕನ ಗಂಡ ಮಾತ್ರ ರಸಿಕ. ಯಾರೂ ಇಲ್ಲದಾಗ ಹೆಂಡತಿಯನ್ನು ಹೊಸ ಹೆಸರಿನಿಂದಲೇ ಕರೆಯಬೇಕೆಂದು ಆಸೆಪಟ್ಟು, ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಮೆಲ್ಲಗೆ "ಚಂದ್ರಾ" ಎಂದನಂತೆ. ಪಡಸಾಲೆಯಿಂದ ಗುಡುಗು ಕೇಳಿತು: "ಯಾಂವಲೇ ಅಂವಾ, ಅಪ್ಪಗ ಹೆಸರ ಹಿಡದ ಕರಿಯಾಂವಾ?" ಅಲ್ಲಿಗೆ ಆ ಪ್ರೇಮಪ್ರಕರಣ ಮುಗಿಯಿತು.

ನಾನು ಮನೆಗೆ ಬಂದು ಇದನ್ನೆಲ್ಲ ಕೈಬಾಯಿ ತಿರುಗಿಸಿ ಅವ್ವನಿಗೆ ಅಭಿನಯಿಸಿ ತೋರಿಸಿದೆ. ಅವಳು ನಗಲಿಲ್ಲ. "ಕಡೀಕ ಏನಂತ ಕರದ್ರು?" ಎಂದಷ್ಟೇ ಕೇಳಿದಳು. ತಿಪ್ಪವ್ವ ಅಂತ, ಎಂದೆ. ಅವ್ವ ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟಳು. ನಾನು ಎಷ್ಟೇ ಪೆದ್ದಿಯಾದರೂ ಆಗ ನನಗೆ ಹೊಳೆಯಿತು.

"ಅವ್ವಾ, ಅವರ ಹೆಸರು ಚಂದ್ರಪ್ಪ ಅಂತ ನಿನಗ ಮೊದಲಽ ಗೊತ್ತಿತ್ತಲ್ಲಾ?"

"ಗೊತ್ತಿಲ್ಲದ ಏನು? ಅದಕ್ಕಽ ಹೇಳಿದ್ನಿ." ಎದ್ದು ಒಲೆಯ ಮುಂದೆ ಕುಳಿತು, "ಚೆಂದದ ಹೆಸರಿನಾವು ಎರಡು ಇದ್ದುವು. ಎರಡೂ ಹ್ವಾದುವು. ನನಗ ಹೆಸರ ಬ್ಯಾಡಾಗಿತ್ತ ಬೇ, ಮಗಳು ಬೇಕಾಗಿದ್ಳು" ಎಂದಳು.

ಅಕ್ಕ ಅವ್ವನ ಮೇಲಿನ ಸಿಟ್ಟನ್ನು ಬಹಳ ದಿನ ಇಟ್ಟುಕೊಂಡಳು. ಮೊದಲನೆಯ ಕೂಸು ಜ್ವರ ಬಂದು ಕಣ್ಣು ಬಿಡದೆ ಮಲಗಿದಾಗ ಮಾತ್ರ, ಪ್ರಮೀಳಾ ಆಗಲು ಹೊರಟಿದ್ದವಳು ತಾನೇ ಆ ಹುಡುಗನಿಗೆ ಕಲ್ಲಪ್ಪ ಎಂದು ಹೆಸರಿಟ್ಟಳು. ಕಲ್ಲಪ್ಪ ಗಟ್ಟಿಯಾಗಿ ಬೆಳೆದ. ತಿಪ್ಪವ್ವ ಮರಿಮಕ್ಕಳ ಜಡೆ ಹೆಣೆದು, ಅವರ ಹೆಸರುಗಳನ್ನು ಬಾಯಿಗೆ ತಿರುಗದೆ ತಪ್ಪು ತಪ್ಪಾಗಿ ಕರೆದು, ಹೋದ ವರ್ಷ ನಿದ್ದೆಯಲ್ಲಿ ಹೋದಳು.

ಇದನ್ನು ನಾನು ಎಷ್ಟೋ ಮದುವೆ, ಎಷ್ಟೋ ತೊಟ್ಟಿಲ ಹಬ್ಬಗಳಲ್ಲಿ ಹೇಳಿದ್ದೇನೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಗಿಸಬೇಕು ಎಂಬುದು ಬಾಯಿಪಾಠ. ಮೊನ್ನೆ ಸೊಸೆಯೂ ಎಲ್ಲ ಕಡೆ ಸರಿಯಾಗಿಯೇ ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು ಕೇಳಿದಳು:

"ಆ ಮೊದಲಿನ ಎರಡು ಕೂಸಿಗೆ ಹೆಸರ ಏನಿಟ್ಟಿದ್ರು ರೀ, ಅತ್ತಿ?"

ನಾನು ತಂಬಿಗೆಯನ್ನು ಮಡಿಲಿಗೆ ಎಳೆದುಕೊಂಡೆ. ಇಷ್ಟು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವ್ವ ಹೇಳಿರಲಿಲ್ಲ. ಅವರೂ ನನ್ನ ಅಕ್ಕಂದಿರೇ ಎಂಬುದು ನನಗೆ ಹೊಳೆದದ್ದು ಕೂಡ ಆಗಲೇ. ಈಗ ಕೇಳೋಣವೆಂದರೆ ಬಲ್ಲವರು ಒಬ್ಬರೂ ಉಳಿದಿಲ್ಲ.

"ಗೊತ್ತಿಲ್ಲವ್ವಾ," ಎಂದೆ. "ಚೆಂದದ ಹೆಸರಂತ."