ಶುಕ್ರವಾರ ಅಳೆದ ಮೋರಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮೋರಿಯನ್ನು. ಬಾಗಿಲ ತೋರಣ, ಗೋಡೆಯ ಬಣ್ಣ, ಒಳಗಿನಿಂದ ಬರುವ ಕಾಫಿಯ ವಾಸನೆ ಎಲ್ಲ ಆಮೇಲೆ. ಬಚ್ಚಲ ನೀರು ಯಾವ ಕಡೆಯಿಂದ ಹೊರಗೆ ಬರುತ್ತದೆ, ಬಂದದ್ದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಗುವವರೆಗೆ ನನಗೆ ಆ ಮನೆಯಲ್ಲಿ ಸರಿಯಾಗಿ ಕೂರಲು ಆಗುವುದಿಲ್ಲ. ಇದು ಹುಟ್ಟುಗುಣವೋ, ಪುರಸಭೆಯ ಓವರ್ಸಿಯರ್ ಕೆಲಸ ಅಂಟಿಸಿದ ಚಟವೋ ಹೇಳಲಾರೆ. ಹೆಣ್ಣು ನೋಡಲು ಕೆಂಚಾರ್ಲಹಳ್ಳಿಗೆ ಹೋದಾಗಲೂ ಹೀಗೇ ಆಯಿತು. ಹುಡುಗಿ ತಟ್ಟೆ ಹಿಡಿದು ಬರುವ ಹೊತ್ತಿಗೆ ನಾನು ಹಿತ್ತಲಲ್ಲಿದ್ದೆ. ಬಚ್ಚಲ ನೀರನ್ನು ಚಿಕ್ಕ ಕಾಲುವೆ ಮಾಡಿ ಹಿಪ್ಪುನೇರಳೆ ಗಿಡಗಳಿಗೆ ಬಿಟ್ಟಿದ್ದರು. ಬಹಳ ಹಿಡಿಸಿತು. ಒಳಗೆ ಬಂದು "ಒಪ್ಪಿಗೆ" ಎಂದೆ. ಏನನ್ನು ಒಪ್ಪಿದೆ ಎಂಬುದು ಆಮೇಲೆ ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷ ಚರ್ಚೆಯಾಯಿತು. "ನನ್ನ ನೋಡಕ್ ಬಂದೋರು ಬಚ್ಚಲ ನೋಡ್ಕೊಂಡು ಹೋದ್ರು" ಎಂದು ರತ್ನ ಬಂದವರಿಗೆಲ್ಲ ಹೇಳುತ್ತಿದ್ದಳು.

ರತ್ನ ಎಂದರೆ ನನ್ನ ಹೆಂಡತಿ ಮುನಿರತ್ನಮ್ಮ. ಅವಳು ಹೋಗಿ ಎಂಟು ತಿಂಗಳಾಯಿತು. ಪೋಸ್ಟಾಫೀಸಿನ ಗೆಳೆಯರೊಬ್ಬರು, "ಸುಮ್ಮನೆ ಕೂರಬೇಡಿ, ಏನಾದರೂ ಬರೆಯಿರಿ, ಮನಸ್ಸು ಹಗುರಾಗುತ್ತದೆ" ಎಂದರು. ನನಗೆ ಬರೆಯಲು ಬರುವುದು ವರದಿ ಒಂದೇ. 'ಸ್ಥಳ ಪರಿಶೀಲಿಸಲಾಯಿತು' ಎಂದು ಶುರುಮಾಡಿ 'ಮುಂದಿನ ಆದೇಶಕ್ಕಾಗಿ ಸಲ್ಲಿಸಿದೆ' ಎಂದು ಮುಗಿಸುವುದು. ಅವಳ ವಿಷಯ ಬರೆಯೋಣವೆಂದು ಕಾಗದ ಹರಡಿಕೊಂಡರೆ ಮೋರಿಯ ವಿಷಯ ಬಂತು. ಅವಳಿದ್ದಿದ್ದರೆ ನಗುತ್ತಿದ್ದಳು, ಆದರೆ ಆಶ್ಚರ್ಯಪಡುತ್ತಿರಲಿಲ್ಲ.

ಮೋರಿಯನ್ನು ಜನ ಹೀನಾಯವಾಗಿ ಕಾಣುತ್ತಾರೆ. ಮಿಡ್ಲ್ ಸ್ಕೂಲಿನ ಚರಿತ್ರೆಯ ಪುಸ್ತಕದಲ್ಲಿ ಮೊಹೆಂಜೊದಾರೋ ಎಂಬ ಊರಿನ ಚಿತ್ರವಿತ್ತು. ಆ ಊರನ್ನು ಆಳಿದವರ ಹೆಸರು ಯಾರಿಗೂ ಗೊತ್ತಿಲ್ಲವಂತೆ, ಬರೆದಿಟ್ಟದ್ದನ್ನು ಓದಲು ಬಂದಿಲ್ಲವಂತೆ. ಆದರೆ ಇಟ್ಟಿಗೆಯ ಮೋರಿ ಮಾತ್ರ ಹಾಗೇ ಇದೆ. ಹೆಸರಿಲ್ಲದ ಒಬ್ಬ ಓವರ್ಸಿಯರ್ ಅಲ್ಲಿ ಮಂಡಿಯೂರಿ ಇಳಿಜಾರು ನೋಡಿರಬೇಕು ಎಂದುಕೊಂಡಾಗೆಲ್ಲ ನನಗೆ ಅವನ ಮೇಲೆ ಬಂಧುವಿನ ಮೇಲಿನಂಥ ಪ್ರೀತಿ ಬರುತ್ತದೆ. ಅವನಿಗೂ ಜನ ಕಾಟ ಕೊಟ್ಟಿರಬೇಕು. ನಮ್ಮ ಕಡೆ ಮನೆ ಕಟ್ಟುವವರು ನಕ್ಷೆ ತಂದರೆ ದೇವರ ಕೋಣೆ ಇಲ್ಲಿ, ಧಾನ್ಯದ ಹಗೇವು ಇಲ್ಲಿ ಎಂದು ಉತ್ಸಾಹದಿಂದ ಬೆರಳಿಟ್ಟು ತೋರಿಸುತ್ತಾರೆ. "ನೀರು ಎಲ್ಲಿಗೆ ಹೋಗುತ್ತದೆ?" ಎಂದರೆ, "ಈಶಾನ್ಯಕ್ಕೆ" ಎನ್ನುತ್ತಾರೆ. ಈಶಾನ್ಯ ಎತ್ತರದಲ್ಲಿದ್ದರೂ ಈಶಾನ್ಯಕ್ಕೇ. ಪಾಪ, ನೀರು ವಾಸ್ತು ಓದಿಲ್ಲ. ಅದಕ್ಕೆ ಗೊತ್ತಿರುವುದು ಇಳಿಜಾರು ಒಂದೇ.

ನಮ್ಮೂರಿನ ಹೆಸರು ಹೇಳುವುದಿಲ್ಲ, ಊರಿನ ಮಾನದ ಪ್ರಶ್ನೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಒಂದು ರೇಷ್ಮೆ ಊರು ಎಂದರೆ ಸಾಕು. ಹತ್ತು ವರ್ಷದ ಹಿಂದೆ ಊರು ಇದ್ದಕ್ಕಿದ್ದಂತೆ ದಪ್ಪಗಾಯಿತು. ಮೇಷ್ಟರು, ಗುಮಾಸ್ತರು, ಬಸ್ಸಿನ ಏಜೆಂಟರು ಎಲ್ಲರಿಗೂ ಮನೆ ಬೇಕು. ಮೇಲಿನ ದಿಬ್ಬದ ರಾಗಿ ಹೊಲವನ್ನು ಬಡಾವಣೆ ಮಾಡಬೇಕು, ಅದು ವಾಸದ ಮನೆಗಳಿಗೆ ಮಾತ್ರ, ಅಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ರೇಷ್ಮೆ ಚರಕ ಹಾಕಕೂಡದು ಎಂದು ಪುರಸಭೆಯಲ್ಲಿ ಮಾತಾಯಿತು. ನಲವತ್ತು ಸೈಟು. ದಿಬ್ಬದ ನೀರು ಇಳಿಯಲು ಇದ್ದದ್ದು ಒಂದೇ ದಾರಿ, ಊರ ನಡುವಿನ ಹಳೆಯ ದೊಡ್ಡ ಮೋರಿ. ಅದು ಚರಕದ ಬೀದಿಯಲ್ಲಿ ಹುಟ್ಟಿ, ನಮ್ಮ ಬಾಡಿಗೆ ಮನೆಯ ಹೊಸ್ತಿಲನ್ನು ಸವರಿ, ಕೆಳಗಿನ ಬೀದಿಯನ್ನು ದಾಟಿ ಕಾಲುವೆಗೆ ಬೀಳುತ್ತಿತ್ತು. ಕೆಳಗಿನ ಬೀದಿಯ ಮನೆಗಳ ನೆಲ ರಸ್ತೆಗಿಂತ ಒಂದು ಗೇಣು ತಗ್ಗು. ಇನ್ನೂ ನಲವತ್ತು ಮನೆಯ ನೀರನ್ನು ಆ ಮೋರಿ ತಾಳೀತೇ ಎಂದು ನೋಡಿ ವರದಿ ಕೊಡುವ ಕೆಲಸ ನನ್ನದು.

ಈ ಬಡಾವಣೆಗಾಗಿ ರತ್ನಳಷ್ಟು ಕಾದವರು ಊರಲ್ಲಿ ಯಾರೂ ಇರಲಿಲ್ಲ. ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದವರಿಗೆ ವಿವರಿಸಬೇಕಾಗಿಲ್ಲ, ಹತ್ತದವರಿಗೆ ವಿವರಿಸಿ ಪ್ರಯೋಜನವಿಲ್ಲ. ಮೋರಿಯ ಪಕ್ಕ ಒಂಬತ್ತು ವರ್ಷ ಅಡುಗೆ ಮಾಡಿದ್ದಳು. ಪುರಸಭೆಯ ನೌಕರರಿಗೆ ಮೊದಲು ಸೈಟು ಎಂಬ ಸುದ್ದಿ ಬಂದದ್ದೇ ತಡ, ದಿಬ್ಬ ಹತ್ತಿ ಏಳನೇ ನಂಬರಿನ ಮೂಲೆ ಸೈಟನ್ನು ಆರಿಸಿಬಿಟ್ಟಳು. ನಂದಿಬೆಟ್ಟದ ಕಡೆಯಿಂದ ಗಾಳಿ ನೇರ ಅಡುಗೆಮನೆಗೆ ಬರಬೇಕಂತೆ. ಕಿಟಕಿ ಎಲ್ಲಿ ಎಂದು ಕಲ್ಲು ಇಟ್ಟು ಗುರುತು ಮಾಡಿದ್ದಳು.

ಇಂಥ ಸಂದರ್ಭದಲ್ಲಿ ಪ್ರಾಮಾಣಿಕನಾಗಿರಬೇಕೆಂದು ನಾನು ವಿಶೇಷ ಎಚ್ಚರ ವಹಿಸಿದೆ. ಮೋರಿ ಅತಿ ಹೆಚ್ಚು ತುಂಬಿರುವ ದಿನವೇ ಅಳೆಯಬೇಕು. ಯಾವ ದಿನ? ಯೋಚಿಸಿದೆ. ಶುಕ್ರವಾರ ಹೆಂಗಸರು ತಲೆಗೆ ನೀರು ಹಾಕಿಕೊಳ್ಳುವ ದಿನ, ಮನೆ ಮನೆಯಲ್ಲೂ ಹೊಸ್ತಿಲು ತೊಳೆಯುವ ದಿನ, ದೇವರ ಪಾತ್ರೆ ಬೆಳಗುವ ದಿನ. ಶುಕ್ರವಾರಕ್ಕಿಂತ ನೀರಿನ ವಾರ ಇನ್ನೊಂದಿಲ್ಲ. ಅಲ್ಲದೆ ಶುಭ ದಿನ. ಕಚ್ಚು ಹಾಕಿದ ಕೋಲು ಹಿಡಿದು ಹೊರಟೆ. ನೀರಿನ ವೇಗ ನೋಡಲು ಬೆಂಡಿನ ತುಂಡು ತೇಲಿಬಿಟ್ಟು ಅದರ ಜೊತೆ ನಡೆದೆ. ನೀರು ಅರ್ಧ ಮೋರಿಯೂ ಇರಲಿಲ್ಲ. ಒಂದು ದಿನದ ಅಳತೆಯನ್ನು ನಂಬಬಾರದೆಂದು ಮತ್ತೆ ಅಳೆದೆ. ಮುಂದಿನ ಶುಕ್ರವಾರ. ಅದರ ಮುಂದಿನ ಶುಕ್ರವಾರವೂ ಅಳೆದೆ. ಮೂರು ಸಲವೂ ಒಂದೇ ಲೆಕ್ಕ. 'ಮೋರಿಯಲ್ಲಿ ಸಾಕಷ್ಟು ಅವಕಾಶವಿದೆ' ಎಂದು ದುಂಡಗೆ ಬರೆದು ಸಲ್ಲಿಸಿದೆ. ಮೆಂಬರುಗಳು ಮೇಜು ಕುಟ್ಟಿ ಒಪ್ಪಿದರು. ಮುಂದಿನ ಮೀಟಿಂಗಿನಲ್ಲಿ ಸೈಟು ಹಂಚುವುದೆಂದು ತೀರ್ಮಾನವಾಯಿತು.

ಅವತ್ತು ಸಂಜೆ ಮುದ್ದೆ ಬಡಿಸುತ್ತಾ ರತ್ನ ಸುಮ್ಮನೆ ಕೇಳಿದಳು.

"ಅದ್ಸರಿ, ಯಾವತ್ತು ಅಳೆದ್ರಿ?"

"ಶುಕ್ರವಾರ."

"ಮೂರು ಸಲವೂನಾ?"

"ಮೂರು ಸಲವೂ. ಹೆಂಗೆ ನನ್ನ ಬುದ್ಧಿ?"

ಅವಳು ಕೈಯಲ್ಲಿದ್ದ ಮುದ್ದೆಯನ್ನು ಹಾಗೇ ಹಿಡಿದು ನಿಂತಳು. ಕೆಂಚಾರ್ಲಹಳ್ಳಿಯವಳಾದ್ದರಿಂದ ಸಿಟ್ಟು, ಗಾಬರಿ, ನಗು ಮೂರೂ ಅವಳಿಗೆ ತೆಲುಗಿನಲ್ಲೇ ಬರುತ್ತಿದ್ದವು. "ಅಯ್ಯೋ ರಾಮ, ಶುಕ್ರವಾರಮಾ!" ಎಂದು ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಶುಕ್ರವಾರ ಚರಕದ ಬೀದಿ ಪ್ಯಾರಿಬೀ ಚರಕ ತಿರುಗ್ಸಲ್ಲ ಕಣ್ರೀ! ಆ ಬೀದೀಲಿ ಒಂದು ಒಲೆನೂ ಹತ್ಸಲ್ಲ. ಎಲ್ರೂ ನಮಾಜಿಗೆ ಹೋಗ್ತಾರೆ. ವಾರಕ್ಕೊಂದಿನ ನನ್ನ ಮೂಗಿಗೆ ರಜಾ ಸಿಗೋದೇ ಅವತ್ತು. ಒಂಬತ್ತು ವರ್ಷದಿಂದ ಇದೇ ಮನೇಲಿದೀರಿ, ಇಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಾನು ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಬರುವವನು. ಮೋರಿ ನನಗೆ ಗೊತ್ತಿದ್ದದ್ದು ಕಾಗದದ ಮೇಲೆ. ಅವಳಿಗೆ ಗೊತ್ತಿದ್ದದ್ದು ವಾರದ ಏಳು ದಿನವೂ. ನನ್ನ ಪಂಚಾಂಗದಲ್ಲಿ ನೀರಿನ ದಿನವಾಗಿದ್ದ ಶುಕ್ರವಾರ, ಊರಿನ ಮೋರಿಗೆ ವಾರದ ರಜಾ ದಿನವಾಗಿತ್ತು.

ಸೋಮವಾರ ಆಫೀಸಿಗೆ ರಜೆ ಹಾಕಿ ಪ್ಯಾರಿಬೀಯ ಮನೆ ಮುಂದೆ ಕೋಲು ಹಿಡಿದು ನಿಂತೆ. ಆಕೆ ಗಂಡ ಸತ್ತ ಮೇಲೆ ನಾಲ್ಕು ಚರಕ ನಡೆಸಿಕೊಂಡಿದ್ದ ಗಟ್ಟಿ ಹೆಂಗಸು, ರತ್ನಳ ಗೆಳತಿ. "ಏನ್ ಭಾಯಿ, ಮೋರಿಗೆ ಜ್ವರ ನೋಡ್ತೀರಾ?" ಎಂದು ಕೇಳಿ, ಗೂಡು ಬೇಯಿಸಿದ ಬಾನಿಯ ನೀರನ್ನು ಹೊರಗೆ ಚೆಲ್ಲಿದಳು. ಪಕ್ಕದ ಮನೆಯವರೂ ಚೆಲ್ಲಿದರು, ಎದುರಿನವರೂ ಚೆಲ್ಲಿದರು. ಹೊಗೆಯಾಡುವ ಕಂದು ನೀರು ಸತ್ತ ಹುಳುಗಳನ್ನು ಹೊತ್ತುಕೊಂಡು ಮೆರವಣಿಗೆ ಹೊರಟಿತು. ನನ್ನ ಕೋಲಿನ ಮೇಲಿನ ಕಚ್ಚು ಮುಳುಗಿತು. ಬೆಂಡಿನ ತುಂಡು ನನ್ನನ್ನು ಬಿಟ್ಟು ಓಡಿತು. ಕೆಳಗಿನ ಬೀದಿಯಲ್ಲಿ ನೀರು ಕೆಂಪಮ್ಮನವರ ಹೊಸ್ತಿಲಿಗೆ ನಾಲ್ಕು ಬೆರಳು ಉಳಿಸಿ ಹರಿಯುತ್ತಿತ್ತು. ಸೊಪ್ಪು ಮಾರಿ ಬದುಕುವ ಹೆಂಗಸು ಅವರು, ಅಡುಗೆಮನೆ ಬಾಗಿಲಿಗೇ ಅಂಟಿಕೊಂಡಿತ್ತು. ಇದರ ಮೇಲೆ ನಲವತ್ತು ಮನೆ.

ಮನೆಗೆ ಬಂದು ಜಗಲಿಯ ಮೇಲೆ ಕೂತೆ. ನಿಜ ಹೇಳಬೇಕೆಂದರೆ ಸುಮ್ಮನಿರುವ ಯೋಚನೆ ಬಂತು. ವರದಿ ಹೋಗಿತ್ತು, ಎಲ್ಲರೂ ಒಪ್ಪಿದ್ದರು. ಮೋರಿ ಉಕ್ಕಿದರೆ ಮಳೆಯನ್ನು ಬೈಯಬಹುದು, ಮಳೆ ವಾಪಸ್ಸು ಬೈಯುವುದಿಲ್ಲ. ರತ್ನ ಬಂದು ಪಕ್ಕದಲ್ಲಿ ಕೂತಳು.

"ಹೇಳ್ಬಿಡಿ" ಎಂದಳು.

"ಹೇಳಿದ್ರೆ ಬಡಾವಣೆ ನಿಂತೋಗ್ತದೆ ಕಣೇ. ಏಳನೇ ನಂಬರೂ ಹೋಗ್ತದೆ."

"ಗೊತ್ತು."

"ಮತ್ತೆ ಇನ್ನೆಷ್ಟು ವರ್ಷ ಈ ವಾಸನೇಲಿ..."

"ಅಲ್ಲ ಕಣ್ರೀ, ಆ ಮನೇಗೆ ಹೋದ್ಮೇಲೆ ದಿನಾ ಬೆಳಿಗ್ಗೆ ನಾನು ಸ್ನಾನ ಮಾಡಿದ ನೀರು ಕೆಂಪಮ್ಮನ ಒಲೆಗೆ ಹೋಗ್ತದೆ. ಮಧ್ಯಾಹ್ನ ಆ ಯಮ್ಮನ ಹತ್ರ ಸೊಪ್ಪು ಹೆಂಗೆ ಕೊಳ್ಳಲಿ? ಯಾವ ಮುಖ ಇಟ್ಕೊಂಡು ಕೊಳ್ಳಲಿ?"

ಇಷ್ಟು ಹೇಳಿ ಒಳಗೆ ಹೋದಳು. ಅವಳನ್ನು ದೇವತೆ ಮಾಡಲು ನನಗೆ ಇಷ್ಟವಿಲ್ಲ, ಅವಳಿಗಂತೂ ಹಿಡಿಸುತ್ತಿರಲಿಲ್ಲ. ಎರಡು ದಿನ ಪಾತ್ರೆಗಳು ಇದ್ದದ್ದಕ್ಕಿಂತ ಜೋರಾಗಿ ಸದ್ದು ಮಾಡಿದವು. ಸಾರಿಗೆ ಉಪ್ಪು ಬೀಳಲಿಲ್ಲ. ನಾನು ಹಾಗೇ ಉಂಡೆ.

ಮೀಟಿಂಗಿನಲ್ಲಿ ಎದ್ದು ನಿಂತು, ನನ್ನ ಮೂರು ಅಳತೆಯೂ ತಪ್ಪು, ಶುಕ್ರವಾರ ಅಳೆದೆ ಎಂದೆ. ಅಧ್ಯಕ್ಷರು ಕನ್ನಡಕ ತೆಗೆದರು. "ಏನ್ರೀ ಓವರ್ಸಿಯರೇ, ಮೋರಿಗೂ ವಾರ ನಕ್ಷತ್ರ ನೋಡಿಸಿದ್ರಾ?" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಚರಕದ ಬೀದಿಯ ಮೆಂಬರು ಸಾಹೇಬರು ಮಾತ್ರ ನಗು ತಡೆದುಕೊಂಡು, "ನಮ್ಮನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ವಲ್ಲ ಸ್ವಾಮಿ" ಎಂದರು. ಅದೇ ಹೆಚ್ಚು ಚುಚ್ಚಿತು. ದೊಡ್ಡ ಮೋರಿ ಅಗಲ ಮಾಡುವವರೆಗೆ ಬಡಾವಣೆ ಬೇಡ ಎಂದು ತೀರ್ಮಾನವಾಯಿತು. ಕಾದಿದ್ದ ಮೇಷ್ಟರುಗಳು ಒಂದು ತಿಂಗಳು ನನಗೆ ನಮಸ್ಕಾರ ಹೇಳಲಿಲ್ಲ. ಬೀದಿಯಲ್ಲಿ ಎದುರಾದವರು "ಇವತ್ತು ಯಾವ ವಾರ ಸಾರ್?" ಎಂದು ಕೇಳುವುದು ಇನ್ನೂ ಸಂಪೂರ್ಣವಾಗಿ ನಿಂತಿಲ್ಲ.

ಮೋರಿ ಅಗಲವಾಗಲು ನಾಲ್ಕು ವರ್ಷ ಹಿಡಿಯಿತು. ಕಲ್ಲು ಕಟ್ಟಿಸಿ, ಇಳಿಜಾರು ಸರಿಮಾಡಿಸಿ, ವಾರದ ಏಳು ದಿನವೂ ಅಳೆದೆ. ಬಡಾವಣೆಯೂ ಆಯಿತು. ಅಷ್ಟರಲ್ಲಿ ನೌಕರರಿಗೆ ಮೊದಲು ಎಂಬ ನಿಯಮ ಹೋಗಿ ಚೀಟಿ ಎತ್ತುವ ನಿಯಮ ಬಂದಿತ್ತು. ನಮ್ಮ ಹೆಸರಿನ ಚೀಟಿ ಬರಲಿಲ್ಲ. ಏಳನೇ ನಂಬರು ಒಬ್ಬ ಬಸ್ಸಿನ ಏಜೆಂಟರಿಗೆ ಹೋಯಿತು. ಅವರ ಗೃಹಪ್ರವೇಶಕ್ಕೆ ರತ್ನ ಮದುವೆಯ ಸೀರೆ ಉಟ್ಟು ಹೋದಳು. ಒಬ್ಬಟ್ಟು ತಿಂದಳು, ಮನೆಯನ್ನೆಲ್ಲ ಸುತ್ತಿದಳು, ಮನೆಗೆ ಬಂದು ಸೀರೆ ಮಡಿಸುತ್ತಾ ತೃಪ್ತಿಯಿಂದ ಹೇಳಿದಳು: "ಕಿಟಕಿ ತಪ್ಪು ಕಡೆ ಇಟ್ಟವ್ರೆ ಕಣ್ರೀ. ಅಡುಗೆಮನೆಗೆ ಗಾಳಿನೇ ಇಲ್ಲ."

ನಮ್ಮದೇ ಮನೆ ಎಂಬುದು ಆಗಲೇ ಇಲ್ಲ. ಆ ವಿಷಯ ಅವಳು ಮತ್ತೆ ಎತ್ತಲಿಲ್ಲ. ನಾನು ಎತ್ತಿದರೆ, "ಗೂಡಿನ ವಾಸನೆ ತವರಿಂದ್ಲೇ ಅಭ್ಯಾಸ ಬಿಡಿ" ಎನ್ನುತ್ತಿದ್ದಳು. ಸುಳ್ಳು. ಅವಳ ಕೊನೆಯ ತಿಂಗಳುಗಳಲ್ಲಿ ನಾನು ಹಿತ್ತಲ ಕಡೆಯ ಕಿಟಕಿ ತೆಗೆದು, ಬೀದಿಯ ಕಡೆಯದನ್ನು ಮುಚ್ಚಿಡುತ್ತಿದ್ದೆ. ಅಷ್ಟು ಮಾತ್ರ ನನ್ನಿಂದಾಯಿತು. ಅವಳನ್ನು ಆ ದಿಬ್ಬದ ಗಾಳಿಯಲ್ಲಿ ಒಂದು ವರ್ಷವಾದರೂ ಇಡಬಹುದಿತ್ತಲ್ಲ ಎಂಬ ಯೋಚನೆ ಈ ಎಂಟು ತಿಂಗಳಲ್ಲಿ ಬಾರದ ದಿನವಿಲ್ಲ.

ಹೋದ ವಾರ ಮಧ್ಯಾಹ್ನ ಹೊಡೆದ ಮಳೆ ಈ ಕೆಲವು ವರ್ಷಗಳಲ್ಲೇ ದೊಡ್ಡದು. ಆಫೀಸಿನಲ್ಲಿ ಕೂರಲಾಗದೆ ಕೊಡೆ ಹಿಡಿದು ಹೊರಟವನು ಕೆಳಗಿನ ಬೀದಿಯಲ್ಲಿ ನಿಂತೆ. ಬಡಾವಣೆಯ ನೀರು, ಚರಕದ ನೀರು, ಮೋಡದ ನೀರು ಮೂರೂ ಸೇರಿ ಮೋರಿ ಭೋರ್ಗರೆಯುತ್ತಿತ್ತು. ಆದರೂ ಹೊಸ್ತಿಲಿಗಿಂತ ಒಂದು ಗೇಣು ತಗ್ಗಿನಲ್ಲೇ ಹರಿಯುತ್ತಿತ್ತು. ಕೆಂಪಮ್ಮ ಒಣ ನೆಲದ ಮೇಲೆ ಕಾಲು ಚಾಚಿ ಕೂತು ಸೊಪ್ಪು ಸೋಸುತ್ತಿದ್ದರು. ಒಳಗೆ ಒಲೆ ಉರಿಯುತ್ತಿತ್ತು. ಬಡಾವಣೆ ಯಾಕೆ ನಿಂತಿತ್ತು, ಯಾರಿಂದ ನಿಂತಿತ್ತು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಏನ್ ಸಾಮಿ, ಈ ಮಳೇಲಿ? ಏನಾನ ಆಯ್ತಾ?"

"ಏನೂ ಆಗಿಲ್ಲಮ್ಮ. ಅದನ್ನೇ ನೋಡಕ್ ಬಂದೆ."

"ಏನೂ ಆಗ್ದೇ ಇರೋದನ್ನ ನೋಡಕ್ ಬಂದ್ರಾ?" ಕೆಂಪಮ್ಮ ನಕ್ಕು, ಸೊಪ್ಪಿನ ಮೊರ ಸರಿಸಿ ನನಗೆ ಕೂರಲು ಜಾಗ ಮಾಡಿದರು. "ಹಂಗಾದ್ರೆ ದಿನಾ ಬನ್ನಿ ಸಾಮಿ. ಇಲ್ಲಿ ದಿನಾ ಏನೂ ಆಗಲ್ಲ."

ಈಗ ದಿನಾ ಹೋಗುತ್ತಿದ್ದೇನೆ.