ನರ್ಸಮ್ಮ ಧಾರೆ ಎರೆಸಿಕೊಂಡ ಆಣೆಗಳು

ನರ್ಸಮ್ಮನ ಎಡಗಿವಿಯ ಹಾಲೆ ಎರಡು ಸೀಳಾಗಿ ಜೋತಾಡುತ್ತಿತ್ತು. ನಗರಗೆರೆಯ ಆರೋಗ್ಯ ಉಪಕೇಂದ್ರದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳು ಕೈಗೆ ಸಿಕ್ಕ ಓಲೆಯನ್ನೇ ಹಿಡಿದು ಜಗ್ಗಿಬಿಟ್ಟಿದ್ದಳಂತೆ. ಮಗು ಹೊರಗೆ ಬರುವವರೆಗೆ ರಕ್ತ ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ, ಆಮೇಲೆ ಹೊಲಿಗೆ ಹಾಕಿಸಿಕೊಳ್ಳುವುದು ಮರೆತೇಹೋಯಿತು ಎನ್ನುತ್ತಿದ್ದರು. ಅಂದಿನಿಂದ ಬಲಗಿವಿಗೆ ಮಾತ್ರ ಓಲೆ. ನಾನು ಹುಟ್ಟಿದ್ದೂ ಅದೇ ಉಪಕೇಂದ್ರದಲ್ಲಿ, ಅವರ ಕೈಯಲ್ಲೇ. "ಅಳೋದಕ್ಕೂ ಸೋಮಾರಿ ಇವನು. ನಾಲ್ಕು ಏಟು ಹಾಕಿದ ಮೇಲೆ ಬಾಯಿ ಬಿಟ್ಟ" ಎಂದು ನನ್ನ ಹೆಂಡತಿಯ ಎದುರಿಗೆ ಹೇಳಿ ಮಾನ ಕಳೆಯುತ್ತಿದ್ದರು.

ಅವರು ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಗೌರಿಬಿದನೂರಿನ ನಮ್ಮ ಬೀದಿಯಲ್ಲೇ ಮನೆ ಮಾಡಿಕೊಂಡರು. ಬೆಳಿಗ್ಗೆ ಎದ್ದರೆ ಪೂಜೆ, ಭಜನೆ. ಹುಣ್ಣಿಮೆ ಬಂದರೆ ಕೈವಾರದ ಬಸ್ಸು. ದೇವರೆಂದರೆ ಅವರಿಗೆ ಮನೆಯ ಹಿರಿಯರಿದ್ದ ಹಾಗೆ, ಭಕ್ತಿಯೂ ಇತ್ತು, ಜಗಳವೂ ಇತ್ತು. ನನಗೆ ದೇವರು ದಿಂಡರು ಯಾವುದೂ ಹಿಡಿಸಿರಲಿಲ್ಲ. ಅದನ್ನು ಹೇಳಿಕೊಂಡು ತಿರುಗುವುದೂ ಒಂದು ಜಂಬವಾಗಿತ್ತು. "ನೀನು ನಂಬದೇ ಇದ್ರೆ ಅವನಿಗೇನೂ ನಷ್ಟ ಇಲ್ಲ ಬಿಡಪ್ಪ" ಎಂದು ಪ್ರಸಾದ ಕೈಗೆ ಹಾಕಿ ಹೋಗುತ್ತಿದ್ದರು.

ಅಂಥವರು ಲೋಕಸಭೆಗೆ ಪಕ್ಷೇತರರಾಗಿ ನಿಂತದ್ದು ಒಂದು ಮಗುವಿನ ತಲೆಯ ಸಲುವಾಗಿ. ನಮ್ಮ ಕಡೆ ಚುನಾವಣೆ ಬಂದರೆ ಮನೆಗೆ ಕುಕ್ಕರೋ ಸೀರೆಯೋ ಬರುವುದು ಮಾಮೂಲು. ಇಸಕೊಂಡವನು ಕೈಕೊಟ್ಟರೆ ಏನು ಗತಿ? ಅದಕ್ಕೆ ದೇವರ ಪಟದ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸುತ್ತಾರೆ. ತಾವು ದೇವರಿಗೆ ಹೆದರದವರು ಹೆದರುವವರನ್ನು ಕಟ್ಟಿಹಾಕುವ ರೀತಿ ಅದು. ಪಂಚಾಯಿತಿ ಚುನಾವಣೆಯ ಹೊತ್ತಿನಲ್ಲಿ ಕೈವಾರದ ಬಸ್ಸಿನಲ್ಲಿ ನರ್ಸಮ್ಮನ ಪಕ್ಕ ಕೂತ ಒಬ್ಬ ಬಾಣಂತಿ ಒಂದೇ ಸಮ ಅಳುತ್ತಿದ್ದಳಂತೆ. ಗಂಡ ಎರಡು ಕಡೆಯಿಂದಲೂ ಸಾಮಾನು ಇಸಕೊಂಡಿದ್ದ. ಎರಡು ಕಡೆಯವರೂ ಕರ್ಪೂರ ಸಾಲದೆಂದು ಅವಳ ಕೈಯನ್ನು ಕೂಸಿನ ತಲೆಯ ಮೇಲೆ ಇಡಿಸಿದ್ದರು. ಈಗ ಕೂಸಿಗೆ ಜ್ವರ.

"ಇಬ್ಬರಿಗೂ ಆಣೆ ಮಾಡಿದೀನಿ ನರ್ಸಮ್ಮ. ಒಂದಾದ್ರೂ ಸುಳ್ಳಾಗ್ಲೇಬೇಕಲ್ಲ" ಎಂದಳಂತೆ.

ನರ್ಸಮ್ಮ ಚಿಂತಾಮಣಿಯಲ್ಲೇ ಅವಳನ್ನು ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೂಸಿನ ಜ್ವರ ಎರಡು ದಿನಕ್ಕೆ ಬಿಟ್ಟಿತು. ನರ್ಸಮ್ಮನಿಗೆ ಏರಿದ ಸಿಟ್ಟು ಇಳಿಯಲಿಲ್ಲ. ಎರಡು ಕಡೆಯ ಮುಖಂಡರ ಮನೆ ಬಾಗಿಲಿಗೂ ಹೋಗಿ ಕೇಳಿದರು. ಒಬ್ಬ ಕಾಫಿ ಕೊಟ್ಟು ಕಳಿಸಿದ. ಇನ್ನೊಬ್ಬ, "ಅದು ಜನರ ನಂಬಿಕೆ ವಿಚಾರ, ನಾವು ಮಧ್ಯೆ ಬರಬಾರದಮ್ಮ" ಎಂದ. ಎಂಥ ಧರ್ಮರಾಯ!

ಮುಂದೆ ಲೋಕಸಭೆ ಚುನಾವಣೆ ಬಂದಾಗ ನರ್ಸಮ್ಮ ನಾಮಪತ್ರ ಹಾಕಿದರು. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು. ಹತ್ತೂ ಜನ ಅವರ ಕೈಯಲ್ಲಿ ಹೆತ್ತವರೇ. ಗುರುತಾಗಿ ಹೂಕೋಸು ಸಿಕ್ಕಿತು, ಪಡ್ಡೆ ಹುಡುಗರು ಕೂಡಲೇ ಗೋಬಿ ನರ್ಸಮ್ಮ ಎಂದು ಹೆಸರಿಟ್ಟರು. ಕರಪತ್ರಕ್ಕೆ ಫೋಟೋ ತೆಗೆದ ಸ್ಟುಡಿಯೋದವನು ಒಳ್ಳೆಯದು ಮಾಡಲು ಹೋಗಿ ಕಂಪ್ಯೂಟರಿನಲ್ಲಿ ಎಡಗಿವಿಯನ್ನು ಸರಿಮಾಡಿ, ಅದಕ್ಕೊಂದು ಓಲೆಯನ್ನೂ ತೊಡಿಸಿದ್ದ. "ಇಲ್ಲದ ಕಿವಿ ತೋರಿಸಿ ಓಟು ಕೇಳಕ್ಕಾಗುತ್ತೇನಪ್ಪ" ಎಂದು ಅಷ್ಟನ್ನೂ ವಾಪಸ್ ಕಳಿಸಿ ಬೇರೆ ಅಚ್ಚು ಹಾಕಿಸಿದರು.

ಅವರನ್ನು ಊರೂರಿಗೆ ಕರೆದೊಯ್ದದ್ದು ನನ್ನ ಹಳೆಯ ಓಮ್ನಿ ವ್ಯಾನು. ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. ನಾನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಹೆಸರು ದೊಡ್ಡದು, ಕೆಲಸ ಮಾತ್ರ ವರ್ಷ ವರ್ಷವೂ ಕಂಟ್ರಾಕ್ಟರನ ಕೈಯಲ್ಲಿ. ಆ ಕಂಟ್ರಾಕ್ಟರ್ ಒಬ್ಬ ಅಭ್ಯರ್ಥಿಯ ಬಲಗೈ. ಚುನಾವಣೆಗೆ ತಿಂಗಳಿರುವಾಗ ನಮ್ಮನ್ನೆಲ್ಲ ಮನೆಗೆ ಕರೆಸಿ, ಊಟ ಹಾಕಿಸಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿ ಒಬ್ಬೊಬ್ಬರ ಕೈಯನ್ನೂ ಅದರ ಮೇಲೆ ಹಿಡಿಸಿದ. ನನ್ನ ಮುಂದಿದ್ದವನು ಕಣ್ಣು ಮುಚ್ಚಿ, ದೇವರ ಹೆಸರು ಹೇಳಿಕೊಂಡು ಕೈ ಹಿಡಿದ. ನಾನು ನಕ್ಕೊಂಡೇ ಆಣೆ ಮಾಡಿದೆ. ನಂಬದವನಿಗೆ ಕರ್ಪೂರವೂ ಒಂದೇ, ಬೆಂಕಿಪೊಟ್ಟಣವೂ ಒಂದೇ. ನಾನು ನರ್ಸಮ್ಮನ ಪ್ರಚಾರಕ್ಕೆ ವ್ಯಾನು ಓಡಿಸುತ್ತೇನೆಂದು ಗೊತ್ತಾದಾಗಲೂ ಅವನು ಬೇಡವೆನ್ನಲಿಲ್ಲ. "ಓಡಿಸಪ್ಪ, ವಯಸ್ಸಾದೋರು, ಪುಣ್ಯ ಬರುತ್ತೆ. ಆಣೆ ಒಂದು ಜ್ಞಾಪಕ ಇರಲಿ" ಎಂದು ಬೆನ್ನು ತಟ್ಟಿದ.

ಮೊದಲ ದಿನ ನಗರಗೆರೆ. ನರ್ಸಮ್ಮ ಮೈಕು ಬೇಡವೆಂದಿದ್ದರು, ಜಗಲಿ ಜಗಲಿಗೂ ಹೋಗಿ ಕೂರುತ್ತಿದ್ದರು. "ನಂಗೇ ಹಾಕಿ ಅಂತ ನಾನು ಹೇಳಲ್ಲ. ಯಾರಿಗಾದ್ರೂ ಹಾಕಿ, ಆಣೆಗೆ ಹೆದರ್ಕೊಂಡು ಮಾತ್ರ ಹಾಕಬೇಡಿ" ಎಂಬುದಷ್ಟೇ ಅವರ ಭಾಷಣ. ಮೂರು ಮಕ್ಕಳನ್ನು ಅವರ ಕೈಯಲ್ಲೇ ಹೆತ್ತಿದ್ದ ಒಬ್ಬ ಅಜ್ಜಿ ಎಲೆ ಅಡಿಕೆ ತಟ್ಟೆ ಮುಂದಿಟ್ಟು ತಲೆ ತಗ್ಗಿಸಿ ಕೂತಳು.

"ಒಟ್ಟು ಪೆಟ್ಟುಕುನ್ನಾಮು ಗದಮ್ಮಾ" ಎಂದಳು ತೆಲುಗಿನಲ್ಲಿ, ಆಣೆ ಇಟ್ಟುಬಿಟ್ಟಿದ್ದೀವಲ್ಲಮ್ಮ ಎಂದು. "ನಿಂಗೆ ಹಾಕ್ಬೇಕು ಅಂತ ನಂಗೂ ಐತೆ. ದೇವರು ಸುಮ್ನೆ ಬಿಡ್ತಾನಾ?"

"ಹೆದರಿಸಿ ಮಾಡಿಸಿದ ಆಣೆ ಆಣೆಯಲ್ಲ ಕಣಮ್ಮ."

"ಅದು ನೀನು ಹೇಳ್ತೀಯ. ದೇವರಿಗೆ ಯಾರು ಹೇಳ್ತಾರೆ? ನಾಳೆ ಆ ಪಾಪ ಯಾರು ಹೊರ್ತಾರೆ?"

ನರ್ಸಮ್ಮ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಒಂದು ಚೊಂಬು ನೀರು ತಾ" ಎಂದರು. ಕುಡಿಯಲು ಎಂದುಕೊಂಡು ಅಜ್ಜಿ ತಂದಳು. ನರ್ಸಮ್ಮ ಎರಡೂ ಕೈ ಬೊಗಸೆ ಮಾಡಿ ಒಡ್ಡಿದರು. "ಮಗಳನ್ನ ಧಾರೆ ಎರೆದು ಕೊಟ್ಟ ಮೇಲೆ ಅವಳು ಆ ಮನೆಯೋಳು ತಾನೆ? ಹಂಗೇ ನಿನ್ನ ಆಣೇನ ನಂಗೆ ಧಾರೆ ಎರಿ. ಇನ್ನು ಮೇಲೆ ಅದು ನಂದು. ಅವನ ಜೊತೆ ನಾನು ಮಾತಾಡ್ಕೋತೀನಿ."

ಅಜ್ಜಿ ಬಹಳ ಹೊತ್ತು ಚೊಂಬು ಹಿಡಿದು ನಿಂತಿದ್ದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ನೀರು ಬಿಟ್ಟಳು. ಸಂಜೆಯ ಹೊತ್ತಿಗೆ ಆ ಕೇರಿಯ ಹೆಂಗಸರೆಲ್ಲ ಚೊಂಬು ಹಿಡಿದು ಸಾಲಾಗಿ ನಿಂತಿದ್ದರು. ನರ್ಸಮ್ಮನ ಸೀರೆಯ ನೆರಿಗೆ ಪೂರ್ತಿ ಒದ್ದೆಯಾಗಿತ್ತು. ನಾನು ವ್ಯಾನಿನ ಬಾಗಿಲಿಗೆ ಒರಗಿಕೊಂಡು ನಗುತ್ತಿದ್ದೆ.

ಆಮೇಲೆ ಇದು ನಮಗಿಂತ ಮುಂಚೆಯೇ ಊರು ಊರಿಗೆ ತಲುಪಿತು. ಗೌರಿಬಿದನೂರು ಮುಗಿಸಿ ಚಿಕ್ಕಬಳ್ಳಾಪುರದ ಬೀದಿಗಳನ್ನು ಸುತ್ತುತ್ತಿರುವಾಗ, ನಾಳೆ ಶಿಡ್ಲಘಟ್ಟ, ಆಮೇಲೆ ಚಿಂತಾಮಣಿ ಎಂದರು ನರ್ಸಮ್ಮ.

"ಅವು ಕೋಲಾರ ಕ್ಷೇತ್ರಕ್ಕೆ ಬರುತ್ತವೆ ನರ್ಸಮ್ಮ. ಅಲ್ಲಿ ನಿಮಗೆ ಒಂದು ಓಟೂ ಬೀಳಲ್ಲ. ನಿಮ್ಮ ಹೆಸರೇ ಇರಲ್ಲ ಅಲ್ಲಿ" ಎಂದೆ.

"ಆಣೆಗೂ ಕ್ಷೇತ್ರ ಇದೆಯೇನಪ್ಪ?"

ಹೋದೆವು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಮನೆಯೊಂದರಲ್ಲಿ, ಬಿಸಿನೀರಿನಲ್ಲಿ ಬೆಂದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಬ್ಬ ಮುಸ್ಲಿಂ ಹೆಂಗಸು, "ನಮ್ದುಕೇ ಕಸಮ್ ಹಾಕ್ಸಿದಾರೆ ಅಮ್ಮ, ನಮ್ದು ತಗೊಂತೀರಾ?" ಎಂದು ಕೇಳಿದಳು. "ನಿಮ್ಮ ದೇವರ ಹತ್ರಾನೂ ನಾನೇ ಮಾತಾಡ್ತೀನಿ ತಾಯಿ" ಎಂದು ನರ್ಸಮ್ಮ ಬೊಗಸೆ ಒಡ್ಡಿದರು. ಒಂದು ಓಟೂ ಹುಟ್ಟದ ಊರಿನಲ್ಲಿ ಇಡೀ ದಿನ ಕಳೆದ ಇನ್ನೊಬ್ಬ ಅಭ್ಯರ್ಥಿಯನ್ನು ಈ ದೇಶ ಕಂಡಿರಲಾರದು.

ಚಿಂತಾಮಣಿಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಹಿಂತಿರುಗುವಾಗ ಚೆಕ್‌ಪೋಸ್ಟಿನಲ್ಲಿ ತಡೆದರು. ಯಾರೋ ದೂರು ಕೊಟ್ಟಿದ್ದರು, ಈಯಮ್ಮ ದೇವರ ಹೆಸರಿನಲ್ಲಿ ಮತ ಕೇಳುತ್ತಿದ್ದಾರೆ ಎಂದು. ಎಪ್ಪತ್ತು ತುಂಬಿದ ಹೆಂಗಸನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಬೆಂಚಿನ ಮೇಲೆ ಕೂರಿಸಿದರು. "ಜನರನ್ನ ಮೂಢನಂಬಿಕೆಗೆ ತಳ್ತಾ ಇದೀರಿ" ಎಂದ ಅಲ್ಲಿನ ಅಧಿಕಾರಿ. ಅಷ್ಟು ಹೊತ್ತಿಗೆ ಎಷ್ಟು ಮನೆಗಳಲ್ಲಿ ಕರ್ಪೂರ ಉರಿಯುತ್ತಿತ್ತೋ! ಅದನ್ನು ಹಚ್ಚಿದವರನ್ನು ಕೇಳುವವರಿಲ್ಲ. ಆರಿಸಲು ಹೋದವಳಿಗೆ ನೋಟಿಸು. ಈಗ ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ನರ್ಸಮ್ಮ ಮಾತ್ರ, "ನಿಮ್ಮ ಊರಲ್ಲಿ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿಸ್ತಾರಾ ಸರ್?" ಎಂದು ಕೇಳಿದರು. ಅವನು ಫೋನು ಹಿಡಿದು ಎದ್ದುಹೋದ.

ಫಲಿತಾಂಶದಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಠೇವಣಿ ಹೋಯಿತು. ಬಿದ್ದ ಅಷ್ಟಿಷ್ಟು ಓಟುಗಳನ್ನು ಕೇಳಿ ಬೀದಿಯವರು ನಕ್ಕರು, ನರ್ಸಮ್ಮ ಖುಷಿಪಟ್ಟರು. "ಇಷ್ಟು ಜನ ಹೆದರಲಿಲ್ಲ ನೋಡು" ಎಂದರು.

ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಅದೇ ವರ್ಷ ಮೂತ್ರಪಿಂಡಕ್ಕೆ ತಗುಲಿತು. ಮಲಗಿದ್ದೇ ತಡ, ಊರಿನ ನಾಲಿಗೆಗಳು ಎದ್ದವು. ಊರವರ ಆಣೆಯೆಲ್ಲ ತಲೆ ಮೇಲೆ ಹಾಕೊಂಡ್ರೆ ಇನ್ನೇನಾಗುತ್ತೆ, ದೇವರ ಜೊತೆ ಆಟವೇ ಎಂದರು. ಈ ಮಾತನ್ನು ಹೆಚ್ಚಾಗಿ ಹಬ್ಬಿಸಿದ್ದು ಆಣೆ ಮಾಡಿಸಿದ ಜನವೇ. ಮುಂದಿನ ಚುನಾವಣೆಗೂ ದೇವರು ಬೇಕಲ್ಲ ಅವರಿಗೆ.

ಒಂದು ಮಧ್ಯಾಹ್ನ ನಾನು ಅವರ ಮಂಚದ ಪಕ್ಕ ಕೂತಿದ್ದಾಗ ನಗರಗೆರೆಯ ಆ ಅಜ್ಜಿ ಎರಡು ಬಸ್ಸು ಹತ್ತಿಳಿದು ಬಂದಳು. ಬಂದವಳೇ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ನರ್ಸಮ್ಮನ ಕೈಗೆ ಕೊಟ್ಟು, ತಾನು ಬೊಗಸೆ ಒಡ್ಡಿ ನೆಲಕ್ಕೆ ಕೂತಳು.

"ನನ್ನ ಆಣೆ ನಂಗೆ ವಾಪಸ್ ಕೊಡಮ್ಮ. ಆಣೆ ಮುರಿದು ನಿಂಗೆ ಓಟು ಹಾಕ್ದೋಳು ನಾನು. ಪಾಪ ನನ್ನೇ ತಿನ್ನಲಿ. ನೀನು ಎದ್ದು ಓಡಾಡು."

ನನಗೆ ರೇಗಿತು. "ಆಣೆಯಿಂದ ಯಾರಿಗೂ ಕಾಯಿಲೆ ಬರಲ್ಲಜ್ಜಿ. ಇದು ಕಿಡ್ನಿ. ಆಣೆ ಎಲ್ಲಾ ಸುಳ್ಳು" ಎಂದು ಗದರಿಬಿಟ್ಟೆ.

"ನೀನು ಸುಮ್ನಿರಪ್ಪ" ಎಂದರು ನರ್ಸಮ್ಮ. ಚೊಂಬನ್ನು ಪಕ್ಕಕ್ಕಿಟ್ಟು ಅಜ್ಜಿಯ ಬೊಗಸೆಯನ್ನು ತಮ್ಮ ಕೈಯಿಂದ ಮುಚ್ಚಿದರು. "ಧಾರೆ ಎರೆದಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಹೋಗಿ ಊಟ ಮಾಡು." ಅಜ್ಜಿ ಅಳುತ್ತಾ ಅಡುಗೆಮನೆಗೆ ಹೋದಳು.

ಅವಳ ಬೆನ್ನನ್ನೇ ನೋಡಿದೆ. ಪಾಪ ತಟ್ಟುತ್ತದೆಂದು ಎದೆಯಾಳದಿಂದ ನಂಬಿದವಳು ಆಣೆ ಮುರಿದಿದ್ದಳು. ನಂಬದೆ ನಕ್ಕವನು ನಾನು. ಹೇಳಿಬಿಟ್ಟೆ, ಕಂಟ್ರಾಕ್ಟರನ ಮನೆಯಲ್ಲಿ ಕರ್ಪೂರದ ಮೇಲೆ ಕೈ ಹಿಡಿದದ್ದು, ಬೂತಿನಲ್ಲಿ ಹೂಕೋಸನ್ನು ನೋಡಿಯೂ ಅವನು ಹೇಳಿದ ಗುರುತನ್ನೇ ಒತ್ತಿದ್ದು.

ನರ್ಸಮ್ಮ ನನ್ನ ಕಡೆಗೆ ಹೊರಳಿದರು. "ಆಣೆಗೆ ಹೆದರಿದ್ಯಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ?"

"ಕೆಲಸ ಹೋಗುತ್ತೆ ಅಂತ. ಬೂತಿನಲ್ಲಿ ಅವನ ಕಡೆಯೋನು ಕೂತಿದ್ದ. ಒಳಗೆ ಒತ್ತಿದ್ದು ಯಾರಿಗೂ ಗೊತ್ತಾಗಲ್ಲ ಅಂತ ಗೊತ್ತಿತ್ತು. ಆದ್ರೂ ಕೈ ಬರಲಿಲ್ಲ."

ನಾನೇ ಚೊಂಬು ಎತ್ತಿಕೊಂಡೆ. ಅವರು ಕೈ ಒಡ್ಡಲಿಲ್ಲ. ಸಿಟ್ಟಿನಿಂದಲ್ಲ, ರೋಗಿಯ ನಾಡಿ ನೋಡುವವರಂತೆ ನನ್ನ ಮುಖವನ್ನೇ ನೋಡಿದರು. "ಆಣೆ ಆಗಿದ್ರೆ ಇಸ್ಕೋತಿದ್ದೆ ಕಣಪ್ಪ. ಇದನ್ನ ನಾನು ಹೆಂಗೆ ಇಸ್ಕೊಳ್ಳಲಿ?"

ಅದಾಗಿ ಹದಿನೈದು ದಿನಕ್ಕೆ ಹೋದರು. ದೇಹವನ್ನು ಮನೆಯ ಮುಂದೆ ಮಲಗಿಸಿದ್ದೆವು. ಯಾವ್ಯಾವ ಊರಿನಿಂದಲೋ ಹೆಂಗಸರು ಬಂದು ಬೀದಿಯ ತುಂಬ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಂಟ್ರಾಕ್ಟರ್ ಆಳುದ್ದದ ಹಾರ ಹೊರಿಸಿಕೊಂಡು ಕಾರಿನಿಂದ ಇಳಿದ. "ದೊಡ್ಡ ಜೀವ, ದೇವರಂಥೋರು" ಎಂದು ಕೈಮುಗಿದ. ದೇಹದ ತಲೆಯ ಬಳಿ ಕೂತಿದ್ದ ನಗರಗೆರೆಯ ಅಜ್ಜಿ ಅವನಿಗೆ ಜಾಗ ಬಿಡಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ. ಒಬ್ಬ ಹೆಂಗಸೂ ಮೇಲೇಳಲಿಲ್ಲ. ಅವನು ಹಾರವನ್ನು ಕಾಲ ಬಳಿ ಹಾಕಿ, ನಿಲ್ಲಬೇಕೋ ಹೋಗಬೇಕೋ ತಿಳಿಯದೆ ಸುತ್ತಲೂ ನೋಡಿದ.

ಅವನ ಮೇಲೆ, ಅಂಥವರ ಮೇಲೆ, ಬೆಂಚಿನ ಮೇಲೆ ಕೂರಿಸಿದವರ ಮೇಲೆ ನನಗಿರುವ ಸಿಟ್ಟನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇನ್ನೊಂದು ಉಳಿದಿದೆ. ಆ ಹೊತ್ತಿನಲ್ಲಿ ಒಳಗೆ ಓಡಿಹೋಗಿ, ನರ್ಸಮ್ಮನ ಮನೆಯ ಕುರ್ಚಿ ತಂದು, ಒರೆಸಿ, ಅವನಿಗೆ ಹಾಕಿಕೊಟ್ಟವನು ನಾನೇ.