ಎದೆಹಾಲು ಹೊತ್ತ ಸೈಕಲ್ಲು

ಬೆಳಗಿನ ಆರೂವರೆ. 2003ರ ಜನವರಿಯ ಮಂಜು ಇನ್ನೂ ಬೀದಿ ಬಿಟ್ಟು ಎದ್ದಿಲ್ಲ. ಕೃಷ್ಣರಾಜ ಮಾರುಕಟ್ಟೆಯ ಮುಂದೆ ಸೇವಂತಿಗೆ ಮೂಟೆ ಹೊತ್ತವರು ಮಂಜಿನೊಳಗಿಂದ ಮೂಡಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಮಂಜಿನಲ್ಲೇ ಕರಗುತ್ತಾರೆ. ಅವರ ನಡುವೆ ಹಳೆಯ ಸೈಕಲ್ಲೊಂದು ಅವಸರವಿಲ್ಲದೆ ಸಾಗುತ್ತಿದೆ. ಕ್ಯಾರಿಯರ್ ಮೇಲೆ ಪೋಲಿಯೊ ಹನಿ ಒಯ್ಯಲು ಬಳಸುವಂಥ ನೀಲಿ ಡಬ್ಬ. ಒಳಗೆ ಮಂಜುಗಡ್ಡೆ, ಅದರ ನಡುವೆ ಮುಚ್ಚಳ ಬಿಗಿದ ನಾಲ್ಕು ಪುಟ್ಟ ಸ್ಟೀಲ್ ಬಟ್ಟಲು. ರಸ್ತೆಯಲ್ಲಿ ಗುಂಡಿ ಬಂದರೆ ರಾಮಾಂಜಿನಪ್ಪ ಇಳಿದು, ಮಲಗಿದ ಮಗುವನ್ನು ದಾಟಿಸುವ ಹಾಗೆ ಸೈಕಲ್ಲು ತಳ್ಳಿಕೊಂಡು ಹೋಗುತ್ತಾರೆ.

ಬಟ್ಟಲುಗಳಲ್ಲಿ ಇರುವುದು ಎದೆಹಾಲು. ಬಸವನಗುಡಿಯ ಇಬ್ಬರು, ಮಲ್ಲೇಶ್ವರದ ಒಬ್ಬರು, ವೈಯಾಲಿಕಾವಲಿನ ಒಬ್ಬರು ಬಾಣಂತಿಯರು ನಸುಕಿನಲ್ಲೇ ಎದ್ದು ಹಿಂಡಿ ಕೊಟ್ಟದ್ದು. ಒಂದೊಂದರ ಮೇಲೂ ಅಂಟಿಸಿದ ಪಟ್ಟಿಯಲ್ಲಿ ತಾಯಿಯ ಹೆಸರಿದೆ. ಏಳು ಗಂಟೆಯೊಳಗೆ ಅವು ಚಾಮರಾಜಪೇಟೆಯ ಹೆರಿಗೆ ಆಸ್ಪತ್ರೆ ಸೇರಬೇಕು. ಅಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ, ದಿನ ತುಂಬುವ ಮುನ್ನವೇ ಹುಟ್ಟಿದ ನಾಲ್ಕು ಕೂಸುಗಳು ಕಣ್ಣು ಮುಚ್ಚಿ ಮಲಗಿವೆ.

ಆ ಆಸ್ಪತ್ರೆಯ ಅಟೆಂಡರ್ ರಾಮಾಂಜಿನಪ್ಪನವರಿಗೆ ಈಗ ಐವತ್ತಾರು. ತಾಯಂದಿರನ್ನು ವಾರದೊಳಗೆ ಮನೆಗೆ ಕಳಿಸುತ್ತಾರೆ, ಹಾಸಿಗೆ ಸಾಲದು. ಮಗು ಮಾತ್ರ ಒಂದೂವರೆ ತಿಂಗಳು ಅಲ್ಲೇ. ಮನೆಯಲ್ಲಿ ಹಿರಿಯರು ಬಾಣಂತಿಯನ್ನು ಹೊಸಿಲು ದಾಟಲು ಬಿಡುವುದಿಲ್ಲ. ತಾಯಿ ಒಂದು ಕಡೆ, ಮಗು ಒಂದು ಕಡೆ. ಒಂಬತ್ತು ವರ್ಷದಿಂದ ಈ ಎರಡರ ನಡುವೆ ಓಡಾಡುತ್ತಿರುವುದು ಇವರ ಸೈಕಲ್ಲು.

"ಈ ಮಕ್ಕಳಿಗೆ ಸೋಂಕು ತಗುಲಿದ್ರೆ ಉಳಿಸ್ಕೊಳ್ಳೋದು ತುಂಬಾ ಕಷ್ಟ. ತಾಯಿಹಾಲು ಅವಕ್ಕೆ ಊಟಾನೂ ಹೌದು, ಔಷಧಾನೂ ಹೌದು" ಎನ್ನುತ್ತಾರೆ ಮಕ್ಕಳ ವಾರ್ಡಿನ ಹಿರಿಯ ನರ್ಸ್ ಅಲಮೇಲು. ಹೀರುವ ಶಕ್ತಿಯಿಲ್ಲದ ಕೂಸಿಗೆ ಎರಡು ಗಂಟೆಗೊಮ್ಮೆ, ಮೂಗಿನ ಸಣ್ಣ ನಳಿಕೆಯಲ್ಲಿ, ಎರಡು ಮೂರು ಮಿಲಿಲೀಟರ್ ಹಾಲು. ಒಂದು ಚಮಚವೂ ಅಲ್ಲ. "ಅಷ್ಟಕ್ಕೆ ಹದಿನೈದು ಕಿಲೋಮೀಟರ್ ತುಳೀತೀಯಾ ಅಂತ ನಗ್ತಾರೆ ಜನ. ನಗ್ಲಿ ಬಿಡಿ" ಎನ್ನುತ್ತಾರೆ ರಾಮಾಂಜಿನಪ್ಪ.

ಅವರು ನಗದಿರುವುದಕ್ಕೆ ಕಾರಣವಿದೆ. ಮೂವತ್ತು ವರ್ಷದ ಹಿಂದೆ, ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಹೊರುತ್ತಿದ್ದ ಕಾಲದಲ್ಲಿ, ಹೆಂಡತಿ ಮುತ್ಯಾಲಮ್ಮನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು. ಎದೆಗೆ ಹಿಡಿದರೆ ಬಾಯಿ ಆಡಿಸುತ್ತಿರಲಿಲ್ಲ. ಹಾಲಿಲ್ಲವೆಂದುಕೊಂಡು ಸಕ್ಕರೆ ನೀರು ಹಾಕಿದರು. ಒಂಬತ್ತನೇ ದಿನ ಮಗು ಹೋಯಿತು.

"ಹೋದ ಮೇಲೆ ಇವಳಿಗೆ ಎದೆ ಕಟ್ಕೊಂಡು ಜ್ವರ ಬಂತು. ಗೋಡೆ ಕಡೆ ತಿರುಗಿ ಕೂತು ಹಾಲು ಹಿಂಡಿ ಚೆಲ್ತಿದ್ಲು. ಹಾಲು ಇತ್ತು ಸರ್. ಮಗೂಗೆ ಹೀರೋಕೆ ಶಕ್ತಿ ಇರ್ಲಿಲ್ಲ ಅಷ್ಟೆ. ಹಿಂಡಿ ತೊಟ್ಟು ತೊಟ್ಟಾಗಿ ಹಾಕಿ ಅಂತ ಯಾರೂ ಹೇಳ್ಲಿಲ್ಲ. ನಮಗೂ ಗೊತ್ತಾಗ್ಲಿಲ್ಲ."

ಹಾಗಾಗಿ 1994ರಲ್ಲಿ, ಬಸವನಗುಡಿಯ ಬಾಣಂತಿಯೊಬ್ಬರ ಮನೆಯಿಂದ ಹಾಲು ತರುವವರು ಯಾರೆಂದು ಅಲಮೇಲು ಕೇಳಿದಾಗ, ಇವರು ನೆಲ ಒರೆಸುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತರು.

ಹಾಲು ಕೊಂಡೊಯ್ಯುವಾತ ಸುದ್ದಿಯನ್ನೂ ತರಬೇಕು. "ನಿನ್ನೆಗಿಂತ ಇಪ್ಪತ್ತು ಗ್ರಾಂ ಜಾಸ್ತಿ ಆಗಿದೆ ತಾಯಿ", "ಬೆಳಿಗ್ಗೆ ಆಕಳಿಸ್ತು". ಬಾಗಿಲ ಸಂದಿಯಲ್ಲಿ ನಿಂತ ಬಾಣಂತಿಯರು ಆ ಒಂದು ಮಾತಿಗೇ ಕಾದಿರುತ್ತಾರೆ. ಆದರೆ ಹೋದ ಕಾರ್ತಿಕದಲ್ಲಿ ವೈಯಾಲಿಕಾವಲಿನ ಮನೆಯೊಂದರಲ್ಲಿ ಈ ಸುದ್ದಿಗೆ ಬೆಲೆಯಿಲ್ಲದಂತಾಯಿತು. ತರಕಾರಿ ವ್ಯಾಪಾರಿ ವೇಣು ಅವರ ಹೆಂಡತಿ ಶಶಿರೇಖಾಗೆ ಹುಟ್ಟಿದ ಗಂಡು ಮಗು ಸಾವಿರದ ನೂರು ಗ್ರಾಂ. ಎಂಟನೇ ದಿನಕ್ಕೆ ಅವಳ ಹಾಲು ನಿಂತೇಹೋಯಿತು.

"ಪುಡಿ ಹಾಲೇ ಹಾಕ್ಲಿ ಅಂತ ಹೇಳಪ್ಪ" ಎಂದು ಅತ್ತೆ ಲಕ್ಷ್ಮೀದೇವಮ್ಮ ಖಾಲಿ ಬಟ್ಟಲು ಚಾಚಿದರು. ಅವರು ಒಳಗೆ ಹೋದ ಮೇಲೆ ಶಶಿರೇಖಾ ಕಿಟಕಿಗೆ ಬಂದಳು.

"ಅಣ್ಣಾ, ನಿಜ ಹೇಳಿ. ಮಗು ಇದೆಯಾ?"

"ಇದೆ ಕಣಮ್ಮ. ನನ್ನ ಕಣ್ಣಾರೆ ನೋಡ್ಕೊಂಡೇ ಬಂದೆ."

"ಎಲ್ರೂ ಹಂಗೇ ಅಂತಾರೆ. ನಾನು ನೋಡಿರೋದು ಒಂದೇ ಸಲ. ನನಗೆ ಹೇಳ್ತಿಲ್ಲ ನೀವ್ಯಾರೂ."

ಅವತ್ತು ರಾಮಾಂಜಿನಪ್ಪ ಆ ಖಾಲಿ ಬಟ್ಟಲು ಇಟ್ಟುಕೊಂಡು ಹಿಂದಿರುಗಿದರು. ದಾರಿಯುದ್ದಕ್ಕೂ ಅವರಿಗೆ ಗೋಡೆ ಕಡೆ ತಿರುಗಿ ಕೂತ ಮುತ್ಯಾಲಮ್ಮನೇ ಕಾಣುತ್ತಿದ್ದರಂತೆ. ವಾರ್ಡಿಗೆ ಬಂದವರೇ ಅಲಮೇಲು ಮುಂದೆ ನಿಂತು ಕೇಳಿದರು: "ಸಿಸ್ಟರ್, ಆ ಮಗು ತಲೆಗೆ ಹಾಕಿರೋ ಟೋಪಿ ಕೊಡ್ತೀರಾ?"

ಮರುದಿನ ಬೆಳಿಗ್ಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಹತ್ತಿ ಟೋಪಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಶಶಿರೇಖಾ ಕೈಗಿಟ್ಟರು. ಅವಳು ಅದನ್ನು ಮೂಗಿಗೆ ಹಿಡಿದಳು. ಕೂಸಿನ ನೆತ್ತಿಯ ಬಿಸುಪು ಇನ್ನೂ ಅದರಲ್ಲೇ ಇದ್ದಂತೆ ಕಣ್ಣು ಮುಚ್ಚಿ ಎಷ್ಟೋ ಹೊತ್ತು ನಿಂತಳು. ಆಮೇಲೆ ಅಳತೊಡಗಿದಳು. ಅಳುತ್ತಿದ್ದಂತೆಯೇ ರವಿಕೆಯ ಮುಂಭಾಗ ನೆನೆಯಿತು.

"ನಾನು ಆ ಕಡೆ ತಿರುಗಿ ನಿಂತ್ಕೊಂಡೆ. ಲಕ್ಷ್ಮೀದೇವಮ್ಮನೋರು ಓಡ್ಬಂದ್ರು ಬಟ್ಟಲು ಹಿಡ್ಕೊಂಡು" ಎನ್ನುವಾಗ ರಾಮಾಂಜಿನಪ್ಪನವರ ದನಿ ತಗ್ಗುತ್ತದೆ.

ಅದೇ ಮಧ್ಯಾಹ್ನ ಆಸ್ಪತ್ರೆಯ ಮುಂದೆ ಆಟೊ ನಿಂತಿತು. ಸೊಸೆಯ ತಲೆಗೆ ತಮ್ಮದೇ ಉಣ್ಣೆಯ ಶಾಲು ಬಿಗಿದು, ಕಿವಿಗೆ ಹತ್ತಿ ಇಟ್ಟು, ಲಕ್ಷ್ಮೀದೇವಮ್ಮನೇ ಕರೆತಂದಿದ್ದರು. "ಗಾಳಿ ಗೀಳಿ ಎಲ್ಲ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಮಗು ತೋರ್ಸಿ" ಎಂದರು. ಅಲಮೇಲು ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಸೆರಗು ಹೊದಿಸಿದರು. ಅಂದಿನಿಂದ ಅತ್ತೆ ಸೊಸೆ ಪ್ರತಿ ಮಧ್ಯಾಹ್ನ ಬಂದರು. ಐವತ್ತೆರಡನೇ ದಿನ ಮಗು ಸಾವಿರದ ಎಂಟುನೂರು ಗ್ರಾಂ ತೂಗಿ ಮನೆಗೆ ಹೋಯಿತು.

ಎಲ್ಲ ಮಕ್ಕಳೂ ಹಾಗೆ ಹೋಗುವುದಿಲ್ಲ. ಕೆಲವು ಬೆಳಗಿನ ಜಾವಗಳಲ್ಲಿ ಅಲಮೇಲು ಗೇಟಿನಲ್ಲೇ ನಿಂತು, ಇಂದು ಇಂಥ ಮನೆಗೆ ಹೋಗುವುದು ಬೇಡ ಎನ್ನುತ್ತಾರೆ. ಆದರೂ ರಾಮಾಂಜಿನಪ್ಪ ಹೋಗುತ್ತಾರೆ. ಬಟ್ಟಲಿಲ್ಲದೆ. "ದಿನಾ ಬರ್ತಿದ್ದೋನು ಅವತ್ತೊಂದಿನ ಬರ್ದೇ ಇದ್ರೆ ಹೆಂಗೆ ಸರ್?"

ನಿವೃತ್ತಿಗೆ ಇನ್ನೆರಡು ವರ್ಷ. ತಮ್ಮ ಜಾಗಕ್ಕೆ ಯಾರು ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ಯಾರೂ ಬೇಡ. ಮಕ್ಕಳ ವಾರ್ಡ್ ಪಕ್ಕ ಹಳೇ ಸಾಮಾನು ತುಂಬಿರೋ ರೂಮಿದೆ. ಖಾಲಿ ಮಾಡಿ ತಾಯಂದಿರಿಗೆ ಮಂಚ ಹಾಕ್ಬಿಡ್ಲಿ. ಅಮ್ಮ ಪಕ್ಕದಲ್ಲೇ ಇದ್ರೆ ಮಗೂಗೆ ನಾನ್ಯಾಕೆ?"

ಮೊನ್ನೆ ಊಟದ ವಿರಾಮದಲ್ಲಿ ಅವರೇ ಬಾಗಿಲು ತೆಗೆದು, ಮುರಿದ ಕುರ್ಚಿಗಳನ್ನು ಸರಿಸಿ, ಹೆಜ್ಜೆಯಿಟ್ಟು ಆ ಕೋಣೆಯನ್ನು ಅಳೆದಿದ್ದಾರೆ.

"ಆರು ಮಂಚ ಆರಾಮಾಗಿ ಹಿಡಿಸುತ್ತೆ. ಕಿಟಕಿ ಪಕ್ಕದ್ದಕ್ಕೆ ಬೆಳಿಗ್ಗೆ ಬಿಸ್ಲೂ ಬರುತ್ತೆ."